ಕೂಸು ಯಾರ ಕೈಯಲ್ಲಿ: ಕರ್ನಾಟಕದ ದುಡಿಯುವ ತಾಯಂದಿರ ಚರಿತ್ರೆ

ಹೆತ್ತವಳಿಗೆ ಎಷ್ಟು ದಿನದ ವಿಶ್ರಾಂತಿ ಸಲ್ಲಬೇಕು, ಅವಳು ಮತ್ತೆ ದುಡಿಮೆಗೆ ಹೊರಟಾಗ ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಕರ್ನಾಟಕದಲ್ಲಿ ಬಹುಕಾಲ ಉತ್ತರ ಕೊಟ್ಟದ್ದು ಮನೆತನದ ರೂಢಿ. ಸುಮಾರು ನೂರು ವರ್ಷಗಳಿಂದ ಅದರ ಜೊತೆಗೆ ಕಾಯ್ದೆಯೂ ಉತ್ತರ ಕೊಡುತ್ತ ಬಂದಿದೆ. ತವರಿನ ಬಾಣಂತಿ ಕೋಣೆಯಿಂದ ಕಾರ್ಖಾನೆಯ ಶಿಶುಪಾಲನಾ ಕೊಠಡಿಯವರೆಗಿನ ಈ ದಾರಿಯಲ್ಲಿ ಕೂಸನ್ನು ಎತ್ತಿಕೊಳ್ಳುವ ಕೈಗಳು ಬದಲಾಗಿವೆ. ಅಜ್ಜಿ, ಅಕ್ಕ, ಆಯಾ, ಅಂಗನವಾಡಿ ಕಾರ್ಯಕರ್ತೆ ಹೀಗೆ ಒಬ್ಬರ ನಂತರ ಒಬ್ಬರು ಬಂದಿದ್ದಾರೆ, ಎಲ್ಲರೂ ಹೆಂಗಸರೇ. ಆದರೆ ಕೂಸಿಗೆ ಯಾವ ಹೊತ್ತಿಗೆ ಏನು ಬೇಕು, ಯಾವ ದಿನ ಚುಚ್ಚುಮದ್ದು, ಜ್ವರ ಬಂದರೆ ಯಾರಿಗೆ ಹೇಳಿ ಕೆಲಸ ಬಿಟ್ಟು ಬರಬೇಕು ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಓಡಾಡುವ ಹೊಣೆ ಹೆಚ್ಚುಕಡಿಮೆ ತಾಯಿಯ ಬಳಿಯೇ ಉಳಿದಿದೆ. ಹೆಣ್ಣುಮಕ್ಕಳ ಓದು, ನೌಕರಿ, ಬರವಣಿಗೆಗಳ ಚರಿತ್ರೆಯನ್ನು ಈ ಹೊಣೆಯಿಂದ ಬೇರೆ ಮಾಡಿ ಬರೆದರೆ ಅದು ಅರ್ಧ ಚರಿತ್ರೆಯಷ್ಟೇ ಆಗುತ್ತದೆ.

ರೂಢಿಯ ಉತ್ತರಗಳಲ್ಲಿ ದೊಡ್ಡದು ಬಾಣಂತನ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕೆಂಬ ವಾಡಿಕೆ ನಾಡಿನ ಹೆಚ್ಚಿನ ಸಮುದಾಯಗಳಲ್ಲಿ ಇತ್ತು, ಈಗಲೂ ಇದೆ. ಸೀಮಂತ ಮುಗಿಸಿ, ಉತ್ತರ ಕರ್ನಾಟಕದಲ್ಲಾದರೆ ಕುಬಸ ಮಾಡಿ, ಬಸುರಿಯನ್ನು ತವರಿಗೆ ಕರೆತರುತ್ತಿದ್ದರು. ಹೆರಿಗೆಯ ನಂತರ ಮೂರು ತಿಂಗಳು, ಅನುಕೂಲವಿದ್ದ ಮನೆಗಳಲ್ಲಿ ಐದು ತಿಂಗಳು ಅವಳು ಅಲ್ಲಿಯೇ ಉಳಿಯುತ್ತಿದ್ದಳು. ಹಂಡೆ ನೀರಿನ ಸ್ನಾನ, ಸಾಂಬ್ರಾಣಿ ಹೊಗೆ, ತಲೆಗೆ ಸುತ್ತಿದ ಬಟ್ಟೆ, ಮೆಣಸು ಜೀರಿಗೆ ಶುಂಠಿಯ ಸಾರು, ಕೊಬ್ಬರಿ ಉತ್ತತ್ತಿ ಬೆಲ್ಲ ಸೇರಿಸಿದ ಅಂಟಿನುಂಡೆ, ಕೂಸಿಗೆ ಒಳಲೆಯಲ್ಲಿ ತೇಯ್ದು ಹಾಕುವ ಬಜೆ ಇವೆಲ್ಲ ಸೇರಿ ಬಾಣಂತನ ಒಂದು ಪೂರ್ಣ ವ್ಯವಸ್ಥೆಯೇ ಆಗಿತ್ತು. ಅದರಲ್ಲಿ ಪ್ರತಿ ಕೆಲಸಕ್ಕೂ ಒಬ್ಬ ಹಿರಿಯ ಹೆಂಗಸು ಇದ್ದಳು. ಕೂಸಿಗೆ ನೀರು ಹಾಕಲು ಕಾಲು ಚಾಚಿ ಕೂರುವ ಅಜ್ಜಿ ಬೇರೆ, ಬಾಣಂತಿಯ ಅಡುಗೆ ನೋಡುವ ತಾಯಿ ಬೇರೆ, ಹೆರಿಗೆ ಮಾಡಿಸಿ ಹತ್ತಾರು ದಿನ ಬಂದು ಹೋಗುವ ಸೂಲಗಿತ್ತಿ ಬೇರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಓದು ಬರಹ ಕಲಿಯದೆ, ಹಣ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ಬಾಣಂತನದ ಬಗ್ಗೆ ವೈದ್ಯರು ಎತ್ತಿದ ಆಕ್ಷೇಪಗಳು ಸುಳ್ಳಲ್ಲ. ಗಾಳಿಯಾಡದ ಕೋಣೆ, ಹಸುಗೂಸಿನ ಉಸಿರಿಗೆ ತಾಗುವ ಹೊಗೆ, ಬಾಣಂತಿಗೆ ನೀರು ಮತ್ತು ಸೊಪ್ಪು ತರಕಾರಿ ಕಡಿಮೆ ಕೊಡುವ ಪಥ್ಯ ಇವೆಲ್ಲ ಹಾನಿ ಮಾಡಿವೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಹಸುಗೂಸಿನೊಡನೆ ಊರ ಹೊರಗಿನ ಗುಡಿಸಲಿನಲ್ಲಿ ಸೂತಕ ಕಳೆಯಬೇಕಾದ ಕಟ್ಟುಪಾಡು ಇತ್ತೀಚಿನವರೆಗೂ ನಡೆದುಬಂದಿದೆ. ಆದರೂ ಒಂದು ವಿಷಯದಲ್ಲಿ ಬಾಣಂತನ ನಂತರ ಬಂದ ಯಾವ ಕಾಯ್ದೆಗಿಂತಲೂ ಮುಂದಿತ್ತು. ಹೆತ್ತವಳು ಆ ದಿನಗಳಲ್ಲಿ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಕೂಸು ಅತ್ತರೆ ಹಸಿವೆಯೋ ಹೊಟ್ಟೆನೋವೋ ಎಂದು ನಿರ್ಧರಿಸುವವರು ಬೇರೆ ಇದ್ದರು. ಅವಳ ಕೆಲಸ ಹಾಲೂಡುವುದು, ನಿದ್ರೆ ಮಾಡುವುದು, ಅಷ್ಟೇ.

ಈ ಭಾಗ್ಯ ಎಲ್ಲರದಾಗಿರಲಿಲ್ಲ. ತವರಿಗೆ ಶಕ್ತಿ ಇರಬೇಕಿತ್ತು, ತಾಯಿ ಬದುಕಿರಬೇಕಿತ್ತು. ಎರಡನೆಯ ಮೂರನೆಯ ಹೆರಿಗೆ ಗಂಡನ ಮನೆಯಲ್ಲೇ ಆದರೆ ಬಾಣಂತನದ ದಿನಗಳು ಕಡಿಮೆಯಾಗುತ್ತಿದ್ದವು. ಕೂಲಿಯಿಂದಲೇ ಒಲೆ ಉರಿಯಬೇಕಾದ ಮನೆಯ ಹೆಂಗಸು ಕೆಲವೇ ವಾರಗಳಲ್ಲಿ ಕಳೆ ಕೀಳಲು ಹೊರಡುತ್ತಿದ್ದಳು. ಹೊಲದ ಬದುವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ, ನಡುನಡುವೆ ಬಂದು ಹಾಲು ಕೊಟ್ಟು ಮತ್ತೆ ಸಾಲಿಗೆ ಇಳಿಯುತ್ತಿದ್ದಳು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಾದ್ಯಂತ ಹೆಸರು ಪಡೆದಿದೆ. ನಾಡಿನ ಹೆಚ್ಚಿನ ಕೂಸುಗಳು ಬೆಳೆದದ್ದು ಮಾತ್ರ ಈ ಸೀರೆಯ ಜೋಲಿಯಲ್ಲಿ. ಜೋಲಿ ತೂಗುತ್ತಿದ್ದದ್ದು ಏಳೆಂಟು ವರ್ಷದ ಅಕ್ಕ. ಕೂಸು ಆಡಿಸಲೆಂದು ಮನೆಯಲ್ಲಿ ಉಳಿದ ಇಂಥ ಹುಡುಗಿಯರು ಎಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ತಾಯಿಯ ದುಡಿಮೆಗೆ ಮಗಳ ಓದು ಬೆಲೆಯಾಗಿ ಸಂದಿತ್ತು, ಮುಂದೆ ಆ ಮಗಳೂ ಅದೇ ಕೂಲಿಗೆ ಹೋಗುವ ತಾಯಿಯಾಗುತ್ತಿದ್ದಳು. ಈ ಚರಿತ್ರೆಯ ಅತ್ಯಂತ ನೋವಿನ ಭಾಗ ಇದು.

ಓದಿನ ದಾರಿ ತೆರೆದದ್ದು ಮೇಲುಸ್ತರದ ಮನೆಗಳಿಗೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು, ಇಪ್ಪತ್ತನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಮಹಿಳಾ ಪದವೀಧರರು ಕಾಣಿಸಿಕೊಂಡರು. ಆದರೆ ಆ ಕಾಲದಲ್ಲಿ ಸಾರ್ವಜನಿಕ ಜೀವನದಲ್ಲಿ ಹೆಸರು ಮಾಡಿದ ಕನ್ನಡ ಮಹಿಳೆಯರ ಬದುಕನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಂಜನಗೂಡು ತಿರುಮಲಾಂಬ ಬಾಲವಿಧವೆ. ಅವರು ಸ್ವಂತವಾಗಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರತಂದರು, ಕಾದಂಬರಿಗಳನ್ನು ಬರೆದರು. ನಾಲ್ಕು ದಶಕ ‘ಸರಸ್ವತಿ’ ಪತ್ರಿಕೆಯನ್ನು ಉಳಿಸಿಕೊಂಡು ಬಂದ ಆರ್. ಕಲ್ಯಾಣಮ್ಮ ಕೂಡ ಬಾಲವಿಧವೆ. ಸಮಾಜ ಅವರಿಂದ ಸಂಸಾರವನ್ನು ಕಿತ್ತುಕೊಂಡಿತ್ತು. ಉಳಿದ ಖಾಲಿ ಬದುಕನ್ನು ಅವರು ಅಕ್ಷರಕ್ಕೆ ಕೊಟ್ಟರು. ಅದೇ ಪ್ರತಿಭೆಯ ಹೆಣ್ಣುಮಕ್ಕಳು ಮುತ್ತೈದೆಯರಾಗಿ, ಆರೇಳು ಮಕ್ಕಳ ತಾಯಂದಿರಾಗಿ ಎಷ್ಟು ಮನೆಗಳಲ್ಲಿ ಇದ್ದರೋ, ಅವರ ಹೆಸರಿನಲ್ಲಿ ಪತ್ರಿಕೆಗಳಿಲ್ಲ. ತಾಯ್ತನವೂ ಬರವಣಿಗೆಯೂ ಒಂದೇ ಮನೆಯಲ್ಲಿ ಇರಲು ಆ ಕಾಲ ಎಡೆ ಕೊಟ್ಟಿರಲಿಲ್ಲ ಎಂಬುದಕ್ಕೆ ಈ ಇಬ್ಬರ ಸಾಧನೆಯೇ ಸಾಕ್ಷಿ.

ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಸ್ಥಾಪಿಸಿದರು. ಮಕ್ಕಳ ಆಟ ಪಾಠಗಳನ್ನು ಮನೆಯ ಹೊರಗೆ, ಊರಿನವರೆಲ್ಲರ ಹೊಣೆಯಾಗಿ ಕಂಡ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಅದಕ್ಕೂ ಮುಂಚೆ, 1930ರಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಸರ್ಕಾರವೇ ಮುಂದಾಗಿ ಇಂಥ ಚಿಕಿತ್ಸಾಲಯ ತೆರೆದದ್ದು ಲೋಕದಲ್ಲೇ ಮೊದಲ ಸಾಲಿಗೆ ಸೇರಿದ ಸಂಗತಿ. ಎಷ್ಟು ಮಕ್ಕಳು, ಯಾವಾಗ ಎಂಬುದು ತಾಯಿಯೂ ಯೋಚಿಸಬಹುದಾದ ವಿಷಯ ಎಂದು ಸರ್ಕಾರದ ಕಡತ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಅದರ ಫಲ ಕಾಣಲು ಮಾತ್ರ ಎರಡು ಮೂರು ತಲೆಮಾರು ಹಿಡಿಯಿತು.

ಮನೆತನದ ಬೆಂಬಲ ಸಿಕ್ಕ ಕಡೆ ಏನಾಗಬಹುದಿತ್ತು ಎಂಬುದಕ್ಕೆ ಎಂಜಿನಿಯರ್ ರಾಜೇಶ್ವರಿ ಚಟರ್ಜಿ ಉದಾಹರಣೆ. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರ ಸಾಲಿನವರು, ಬೆಂಗಳೂರಿನ ಮಹಿಳಾ ಸೇವಾ ಸಮಾಜವನ್ನು ಕಟ್ಟಿದವರು. ಮೊಮ್ಮಗಳು 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ವಿದೇಶದಲ್ಲಿ ಓದಿ ಬಂದು, ಅದೇ ಸಂಸ್ಥೆಯಲ್ಲಿ ಮೈಕ್ರೊವೇವ್ ಎಂಜಿನಿಯರಿಂಗ್ ಕಲಿಸಿದರು, ಮಗಳನ್ನೂ ಬೆಳೆಸಿದರು. ಅಜ್ಜಿಯ ಕಾಲದಲ್ಲೇ ಓದು ಬೇರುಬಿಟ್ಟಿದ್ದ ಮನೆ ಅದು. ಅಂಥ ಮನೆಗಳು ಬೆರಳೆಣಿಕೆಯಷ್ಟಿದ್ದವು.

ಕಾಯ್ದೆಯ ಕಥೆ ಗಿರಣಿಗಳಿಂದ ಶುರುವಾಗುತ್ತದೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೆರಿಗೆ ರಕ್ಷಣೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತದಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಬಿದ್ದುಹೋಯಿತು. ಮುಂಬಯಿ ಪ್ರಾಂತ್ಯದಲ್ಲಿ ಮಾತ್ರ ಅದೇ ಆಶಯದ ಮಸೂದೆ 1929ರಲ್ಲಿ ಕಾಯ್ದೆಯಾಯಿತು. 1928ರಲ್ಲಿ ಆ ಮಸೂದೆಯ ಪರವಾಗಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಾತನಾಡಿದ ಡಾ. ಬಿ.ಆರ್. ಅಂಬೇಡ್ಕರ್, ಹೆರಿಗೆಯ ಹಿಂದು ಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಸೇರಿದ್ದು, ಆದ್ದರಿಂದ ಅದರ ಹೊರೆಯನ್ನು ಬಹುಪಾಲು ಸರ್ಕಾರವೇ ಹೊರಬೇಕು ಎಂದು ವಾದಿಸಿದರು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಕನ್ನಡ ನಾಡಿಗೆ ಈ ಕಾಯ್ದೆ ಮೊದಲು ಬಂದದ್ದು ಉತ್ತರದ ಬಾಗಿಲಿನಿಂದ. 1934ರಲ್ಲಿ ಮದ್ರಾಸ್ ಪ್ರಾಂತ್ಯ, 1937ರಲ್ಲಿ ಮೈಸೂರು ಸಂಸ್ಥಾನ ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು.

ಅಂಬೇಡ್ಕರ್ ಅವರ ಮಾತನ್ನು ಕಾಯ್ದೆ ಅರ್ಧ ಮಾತ್ರ ಕೇಳಿತು. ವಿಶ್ರಾಂತಿ ಸಿಕ್ಕಿತು, ಖರ್ಚು ಮಾಲೀಕನ ತಲೆಗೆ ಬಿತ್ತು. ಹೆಣ್ಣಾಳನ್ನು ಕೆಲಸಕ್ಕೆ ತೆಗೆದುಕೊಂಡರೆ ಹೆರಿಗೆ ಭತ್ಯೆಯೂ ಜೊತೆಗೆ ಬರುತ್ತದೆ ಎಂದು ಲೆಕ್ಕ ಹಾಕಿದ ಮಾಲೀಕರು ಹೆಂಗಸರನ್ನೇ ಕಡಿಮೆ ಮಾಡತೊಡಗಿದರು. ತಾಯಿಯನ್ನು ಕಾಯಲು ಬಂದ ನಿಯಮ ತಾಯಿಯಾಗಬಹುದಾದವಳ ಕೆಲಸಕ್ಕೆ ಕುತ್ತು ತರುವ ಈ ತೊಡಕು ಅಂದಿನಿಂದ ಬಿಟ್ಟಿಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ಇಎಸ್ಐ, ಮಾಲೀಕ ಮತ್ತು ಕಾರ್ಮಿಕರ ವಂತಿಗೆಯ ನಿಧಿಯಿಂದ ಭತ್ಯೆ ಕೊಡಿಸಿ ಈ ತೊಡಕನ್ನು ಸ್ವಲ್ಪ ಸಡಿಲಿಸಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಇಡೀ ದೇಶಕ್ಕೆ 12 ವಾರದ ಸಂಬಳಸಹಿತ ರಜೆಯನ್ನು, ಕೂಸಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವನ್ನು ಕೊಟ್ಟಿತು.

ಕೂಸನ್ನು ಇಡುವ ಜಾಗದ ಮಾತು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿತ್ತು. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಅದರ 48ನೆಯ ಕಲಮು ಹೇಳಿತು. 1976ರಲ್ಲಿ ಈ ಸಂಖ್ಯೆ 30ಕ್ಕೆ ಇಳಿಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರು, ಹಾಸನದ ದೊಡ್ಡ ಕಾಫಿ ತೋಟಗಳಿಗೂ ಇದನ್ನು ವಿಸ್ತರಿಸಿತು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಲೈನ್‌ಮನೆಗಳ ಹೆಂಗಸರು ಬೆಳಗ್ಗೆಯೇ ತೋಟಕ್ಕೆ ಇಳಿಯುತ್ತಿದ್ದುದರಿಂದ ಅಲ್ಲಿ ಕೂಸು ನೋಡುವ ಆಯಾ ಇಲ್ಲದೆ ಕೆಲಸವೇ ನಡೆಯುತ್ತಿರಲಿಲ್ಲ. ಇಲ್ಲಿ ಕಾಯ್ದೆಯ ಎಣಿಕೆಯನ್ನೊಮ್ಮೆ ಗಮನಿಸಬೇಕು. ಅದು ಎಣಿಸಿದ್ದು ಹೆಂಗಸರನ್ನು. 500 ಗಂಡಸರು, 20 ಹೆಂಗಸರು ಇರುವ ಕಾರ್ಖಾನೆಯಲ್ಲಿ ಸಾವಿರ ಮಕ್ಕಳ ತಂದೆಯರಿದ್ದರೂ ಕಾಯ್ದೆಯ ಕಣ್ಣಿಗೆ ಅಲ್ಲಿ ಕೂಸುಗಳೇ ಇಲ್ಲ. ಕೂಸು ತಾಯಿಯ ಸಾಮಾನು ಎಂಬ ಮನೆಯ ತಿಳುವಳಿಕೆಯೇ ಶಾಸನದ ಭಾಷೆಯಾಗಿ ಬಂದಿತ್ತು.

ಆ ಎಣಿಕೆಗೂ ಸಿಗದೆ ಹೋದವರು ಮನೆಯಲ್ಲೇ ದುಡಿದವರು. ಮಂಗಳೂರು ಸೀಮೆಯಲ್ಲಿ ಬೀಡಿ ಉದ್ಯಮ ಬೆಳೆದದ್ದು ಹೆಂಗಸರ ಬೆರಳುಗಳ ಮೇಲೆ. ಬ್ರಾಂಚಿನಿಂದ ಎಲೆ, ತಂಬಾಕು, ನೂಲು ತಂದು ಮನೆಯಲ್ಲಿ ಕಟ್ಟಿ, ಲೆಕ್ಕಕ್ಕೆ ಇಷ್ಟು ಸಾವಿರ ಎಂದು ಒಪ್ಪಿಸುವ ಪದ್ಧತಿ ಅದು. ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯ್ದೆಯಲ್ಲೂ ಶಿಶುಪಾಲನಾ ಕೊಠಡಿಯ ಮಾತಿತ್ತು, ಆದರೆ ಅದು ಬೀಡಿ ಕಟ್ಟುವ ಕಾರ್ಖಾನೆಗೆ ಅನ್ವಯಿಸುವಂಥದ್ದಾಗಿತ್ತು. ಮಡಿಲಲ್ಲಿ ಬೀಡಿಯ ತಟ್ಟೆ, ಪಕ್ಕದಲ್ಲಿ ಮಲಗಿದ ಕೂಸು ಇಟ್ಟುಕೊಂಡವಳಿಗೆ ಮನೆಯೇ ಕಾರ್ಖಾನೆ. ಮಕ್ಕಳನ್ನು ನೋಡಿಕೊಂಡೇ ನಾಲ್ಕು ಕಾಸು ಸಂಪಾದಿಸಬಹುದು ಎಂದು ಹೊಗಳಿಸಿಕೊಂಡ ಈ ವ್ಯವಸ್ಥೆಯಲ್ಲಿ ಎರಡು ಕೆಲಸಗಳು ಒಂದೇ ಹೊತ್ತಿನಲ್ಲಿ ನಡೆಯುತ್ತಿದ್ದವು, ಕೂಲಿ ಸಿಗುತ್ತಿದ್ದದ್ದು ಒಂದಕ್ಕೆ. ಕೂಸು ತಂಬಾಕಿನ ದೂಳಿನ ನಡುವೆ ಬೆಳೆಯುತ್ತಿತ್ತು. ಶಾಲೆಯಿಂದ ಬಂದ ಮಗಳು ನೂಲು ಸುತ್ತಲು ಕೂರುತ್ತಿದ್ದಳು.

ತಾಯ್ತನ ಮನಸ್ಸಿಗೆ ಮಾಡುವ ಗಾಯದ ಬಗ್ಗೆ ಕನ್ನಡ ನಾಡು ಬಹಿರಂಗವಾಗಿ ಮಾತಾಡಲು ಕಾರಣವಾದದ್ದು ಕಾಯ್ದೆಯಲ್ಲ, ಒಂದು ಕಾದಂಬರಿ. ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ ಶಂಕರ್ ಮನಃಶಾಸ್ತ್ರ ಓದಿದವರು. ಹತ್ತೇ ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದರು. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಚಲನಚಿತ್ರವಾಗಿಸಿದರು, ಕಾವೇರಿಯಾಗಿ ಕಲ್ಪನಾ ನಟಿಸಿದರು. ದೆವ್ವ, ದೃಷ್ಟಿ, ಬಾಣಂತಿ ಸನ್ನಿ ಎಂದು ಪಿಸುಗುಟ್ಟುತ್ತಿದ್ದ ವಿಷಯ ಟೆಂಟ್ ಸಿನಿಮಾದ ನೆಲದವರೆಗೂ ಮುಟ್ಟಿತು. ತ್ರಿವೇಣಿ ಅದನ್ನು ನೋಡಲಿಲ್ಲ. ಹಲವು ಗರ್ಭಪಾತಗಳ ನೋವುಂಡ ಅವರು 1963ರ ಜುಲೈನಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಇನ್ನೂ 35 ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವಾಗ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇರಿಸಿಕೊಳ್ಳುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ದೇಶದಲ್ಲಿ ಅಂಥ ವಿಭಾಗ ಅದೇ ಮೊದಲು. ಕಾವೇರಿಯಂಥವರು ಕೂಸಿನಿಂದ ಅಗಲದೆ ಗುಣವಾಗುವ ದಾರಿಯೊಂದು ಹೀಗೆ ತೆರೆಯಿತು.

ಬಡ ತಾಯಂದಿರ ಕೂಸುಗಳತ್ತ ದೇಶದ ಗಮನ ತಿರುಗಿದ್ದು 1969ರ ನಂತರ. ಆ ವರ್ಷ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕಾಮಗಾರಿಯ ದೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಡೇರೆಯೊಂದರಲ್ಲಿ ‘ಮೊಬೈಲ್ ಕ್ರೆಶಸ್’ ಆರಂಭಿಸಿದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಜಾರಿಗೆ ತಂದಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಅಲ್ಲಿಂದ ಹರಡಿದ ಅಂಗನವಾಡಿ ಇಂದು ಹೆಚ್ಚುಕಡಿಮೆ ಪ್ರತಿ ಊರಲ್ಲೂ ಇದೆ. ಆಹಾರ, ಚುಚ್ಚುಮದ್ದು, ಶಾಲಾಪೂರ್ವ ಶಿಕ್ಷಣ ಮೂರನ್ನೂ ಒಂದೇ ಸೂರಿನಡಿ ತಂದದ್ದು ಅದರ ಹಿರಿಮೆ. ಆದರೆ ಅದನ್ನು ರೂಪಿಸಿದ್ದು ಕೂಸಿನ ಪೌಷ್ಟಿಕತೆಯನ್ನು ಮುಂದಿಟ್ಟುಕೊಂಡು, ತಾಯಿಯ ದುಡಿಮೆಯ ಹೊತ್ತನ್ನು ನೋಡಿ ಅಲ್ಲ. ಮೂರು ವರ್ಷ ತುಂಬದ ಕೂಸಿಗೆ ಅಲ್ಲಿ ಆಹಾರದ ಪೊಟ್ಟಣ ಸಿಗುತ್ತಿತ್ತು, ದಿನವಿಡೀ ಇರಲು ಜಾಗ ಸಿಗುತ್ತಿರಲಿಲ್ಲ. ತಾಯಿಗೆ ಹೆಚ್ಚು ಕಷ್ಟವಾಗುವುದು ಆ ಮೂರು ವರ್ಷಗಳಲ್ಲೇ.

ಅಂಗನವಾಡಿ ಕಾರ್ಯಕರ್ತೆಯ ಸ್ಥಿತಿ ಈ ಚರಿತ್ರೆಯನ್ನೇ ಕನ್ನಡಿಯಂತೆ ತೋರಿಸುತ್ತದೆ. ಊರ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಅವಳೂ ಒಬ್ಬ ತಾಯಿ. ಅವಳ ಕೆಲಸಕ್ಕೆ ಸರ್ಕಾರ ಕೊಡುವುದು ಗೌರವಧನ. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸಿನ ಸಹಜ ಗುಣ, ಅದಕ್ಕೆ ಸಂಬಳವೇಕೆ ಎಂಬ ಭಾವನೆ ಆ ವ್ಯವಸ್ಥೆಯಲ್ಲೇ ಅಡಗಿದೆ. ಕರ್ನಾಟಕದಿಂದಲೇ ಹೋದ ಅಮೀರಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ತೀರ್ಪು ಕೊಟ್ಟಿತು. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲೇ ಹಗಲು ರಾತ್ರಿ ಕುಳಿತು ಗೌರವಧನ ಹೆಚ್ಚಿಸುವಂತೆ ಹೋರಾಡಿದರು. ಗುಜರಾತಿನ ಪ್ರಕರಣವೊಂದರಲ್ಲಿ 2022ರಲ್ಲಿ ಅದೇ ಸುಪ್ರೀಂ ಕೋರ್ಟ್ ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು.

2017ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಮಾತೃಪೂರ್ಣ’ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ ಕೊಟ್ಟಿತು. ಆಶಯ ಒಳ್ಳೆಯದೇ. ಆದರೆ ಊಟಕ್ಕಾಗಿ ದಿನಾ ಬಿಸಿಲಲ್ಲಿ ನಡೆದು ಬರಬೇಕಾಯಿತು. ಮಲೆನಾಡಿನಲ್ಲಿ ಮನೆಗೂ ಅಂಗನವಾಡಿಗೂ ಗುಡ್ಡ ಹತ್ತಿ ಇಳಿಯುವಷ್ಟು ದೂರ. ಬಾಣಂತಿ ಹೊಸಿಲು ದಾಟಬಾರದೆಂಬ ಮನೆಗಳಲ್ಲಿ ಆ ಊಟ ಅವಳಿಗೆ ಸಿಗಲೇ ಇಲ್ಲ. ಬಾಣಂತನದಲ್ಲಿ ಊಟವೇ ತಾಯಿಯ ಬಳಿಗೆ ಬರುತ್ತಿತ್ತು ಎಂಬುದನ್ನು ಯೋಜನೆ ಮಾಡಿದವರು ಮರೆತಿದ್ದರು.

1980ರ ದಶಕದಿಂದ ಬೆಂಗಳೂರಿನ ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಬೆಳೆದ ಸಿದ್ಧ ಉಡುಪು ಕಾರ್ಖಾನೆಗಳು ಹಳ್ಳಿಯ ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಮೊದಲ ಸಂಬಳ ಕೊಟ್ಟವು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್‌ನಲ್ಲಿ ನಡೆಯುವ ಲೈನಿನಿಂದ ಎದ್ದು ಹೋಗಿ ಕೂಸಿಗೆ ಹಾಲು ಕೊಟ್ಟು ಬರುವುದು ಕಾಯ್ದೆಯಲ್ಲಿದ್ದಷ್ಟು ಸುಲಭವಾಗಿರಲಿಲ್ಲ. ಕೊಠಡಿ ಇದ್ದರೂ ತುಂಬಿದ ಬಸ್ಸಿನಲ್ಲೋ ಟೆಂಪೊದಲ್ಲೋ ಕೂಸನ್ನು ಎತ್ತಿಕೊಂಡು ಬರುವುದೇ ಕಷ್ಟ. ಅನೇಕರು ಕೂಸನ್ನು ಊರಲ್ಲಿ ತಾಯಿಯ ಬಳಿ ಬಿಟ್ಟು ತಿಂಗಳಿಗೊಮ್ಮೆ ನೋಡಿಬರುವ ಬದುಕಿಗೆ ಒಗ್ಗಿಕೊಂಡರು. ಹೆರಿಗೆಗೆ ಕೆಲಸ ಬಿಟ್ಟು, ಪಿಎಫ್ ಹಣ ಪಡೆದು, ಕೂಸು ದೊಡ್ಡದಾದ ಮೇಲೆ ಮತ್ತೊಂದು ಕಾರ್ಖಾನೆಯಲ್ಲಿ ಹೊಸಬಳಾಗಿ ಸೇರುವುದು ಇನ್ನೊಂದು ದಾರಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ, ಈ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದು ಬೆಂಗಳೂರಿನ ಹೆದ್ದಾರಿಗಳನ್ನೇ ನಿಲ್ಲಿಸಿದರು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ಹಿಂತೆಗೆದುಕೊಂಡಿತು. ಮಕ್ಕಳ ಶಾಲೆ ಫೀಸು, ಕಾಯಿಲೆ, ಮಗಳ ಮದುವೆ ಎಂದು ಮುಂದಿನ ವರ್ಷಗಳನ್ನು ಆ ಹಣದ ಮೇಲೆ ಲೆಕ್ಕ ಹಾಕಿ ಇಟ್ಟುಕೊಂಡಿದ್ದವರು ಆ ತಾಯಂದಿರು.

ನೌಕರಿಯ ಮಧ್ಯಮವರ್ಗದಲ್ಲಿ ಕಥೆ ಬೇರೆ ರೂಪ ತಾಳಿತು. ಶಾಲೆ, ಬ್ಯಾಂಕು, ಸರ್ಕಾರಿ ಕಚೇರಿಗಳಿಗೆ ಸೇರಿದ ತಲೆಮಾರಿನ ಹಿಂದೆ ಅತ್ತೆಯೋ ತಾಯಿಯೋ ಇದ್ದರು. ಸಾಫ್ಟ್‌ವೇರ್ ಉದ್ಯಮ ಬೆಳೆದಂತೆ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರಿನ ಅಜ್ಜಿ ತಾತಂದಿರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಂದರು. ಅಮೆರಿಕದ ಕ್ಯಾಲಿಫೋರ್ನಿಯ, ನ್ಯೂಜೆರ್ಸಿಗಳ ಕನ್ನಡ ಮನೆಗಳಲ್ಲಿ ಮೊದಲ ಆರು ತಿಂಗಳು ಹೆಣ್ಣಿನ ಕಡೆಯವರು, ನಂತರದ ಆರು ತಿಂಗಳು ಗಂಡಿನ ಕಡೆಯವರು ಸಂದರ್ಶಕ ವೀಸಾದಲ್ಲಿ ಬಂದು ಬಾಣಂತನ ಮುಗಿಸುವುದು ಒಂದು ಪದ್ಧತಿಯೇ ಆಯಿತು. ಮಗಳು ತವರಿಗೆ ಹೋಗುವ ಬದಲು ತವರೇ ಮಗಳಿದ್ದಲ್ಲಿಗೆ ಹೋಯಿತು. ಅರವತ್ತು ದಾಟಿದ ಆ ತಾಯಂದಿರ ದಣಿವನ್ನು ಕುರಿತು ಮಾತ್ರ ಇನ್ನೂ ಯಾರೂ ಹೆಚ್ಚು ಬರೆದಿಲ್ಲ.

ಈ ಕಾಲದಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 2.85 ಇದ್ದದ್ದು 2019–20ರ ಹೊತ್ತಿಗೆ 1.7 ಆಯಿತು. ಮಕ್ಕಳು ಕಡಿಮೆಯಾದರೂ ಒಂದೊಂದು ಮಗುವಿನ ಹಿಂದಿನ ಯೋಚನೆ ಬೆಳೆಯಿತು. ತಾಯಿ ಕಾರ್ಡಿನಲ್ಲಿ ಬರೆದ ಚುಚ್ಚುಮದ್ದಿನ ತಾರೀಖಿನಿಂದ ಹಿಡಿದು ಶಾಲೆಯ ಸೀಟು, ಟ್ಯೂಷನ್, ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಬರುವ ನಾಳೆಯ ಪ್ರಾಜೆಕ್ಟಿನ ಸೂಚನೆಯವರೆಗೆ ಎಲ್ಲವೂ ಒಬ್ಬಳ ತಲೆಯಲ್ಲಿ ಸೇರಿಕೊಂಡವು. ಈ ಮನಸ್ಸಿನ ಹೊರೆಗೆ ಸಮಾಜಶಾಸ್ತ್ರದಲ್ಲಿ ಜಾಗ ಕೊಟ್ಟವರಲ್ಲಿ ಫ್ರಾನ್ಸಿನ ಮೋನಿಕ್ ಐಕೊ ಮೊದಲಿಗರು. 1984ರಲ್ಲಿ ಅವರು, ಉದ್ಯೋಗದ ಹೊತ್ತಿನಲ್ಲೂ ಮನೆಯ ಯೋಚನೆಯನ್ನು ಹೊತ್ತಿರುವ ಹೆಂಗಸರ ಬಗ್ಗೆ ಬರೆದರು. 2019ರಲ್ಲಿ ಅಮೆರಿಕದ ಆ್ಯಲಿಸನ್ ಡೇಮಿಂಜರ್ ಈ ಕೆಲಸವನ್ನು ಬಿಡಿಸಿ ನೋಡಿದರು: ಏನು ಬೇಕಾಗಬಹುದೆಂದು ಮುಂಚೆಯೇ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆದದ್ದನ್ನು ಗಮನಿಸುತ್ತಿರುವುದು. ತೀರ್ಮಾನದಲ್ಲಿ ಗಂಡಂದಿರು ಪಾಲ್ಗೊಳ್ಳುತ್ತಿದ್ದರು, ಊಹಿಸುವ ಮತ್ತು ಗಮನಿಸುವ ಕೆಲಸ ಹೆಚ್ಚಾಗಿ ಹೆಂಡತಿಯರದೇ ಆಗಿತ್ತು. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಕೈ ಮಾಡುವ ಕೆಲಸವನ್ನಷ್ಟೇ ಈ ನಿಮಿಷಗಳು ಅಳೆಯುತ್ತವೆ, ಲೈನಿನಲ್ಲಿ ಕುಳಿತು ಹೊಲಿಯುತ್ತಲೇ ಕೂಸಿನ ಜ್ವರವನ್ನು ನೆನೆಯುವವಳ ಹೊತ್ತು ಇವುಗಳಲ್ಲಿ ಸೇರಿಲ್ಲ.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಮೊದಲ ಎರಡು ಮಕ್ಕಳಿಗೆ ರಜೆ 26 ವಾರವಾಯಿತು. ಶಿಶುಪಾಲನಾ ಕೊಠಡಿಗೆ ಹೆಂಗಸರನ್ನಷ್ಟೇ ಎಣಿಸುವ ರೂಢಿ ಇಲ್ಲಿ ಮುರಿಯಿತು, 50 ಅಥವಾ ಹೆಚ್ಚು ನೌಕರರಿದ್ದರೆ ಸಾಕು ಎಂದಾಯಿತು. ಆದರೆ ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿಬರುವ ಅವಕಾಶವನ್ನು ತಾಯಿಗೆ ಮಾತ್ರ ಕೊಟ್ಟಿತು. ರಜೆಯ ಖರ್ಚು ಇಎಸ್ಐ ವ್ಯಾಪ್ತಿಯಲ್ಲಿಲ್ಲದ ಕಡೆ ಮತ್ತೆ ಮಾಲೀಕನದೇ. ಕೇಂದ್ರ ಸರ್ಕಾರ 2008ರಲ್ಲಿ ತನ್ನ ಮಹಿಳಾ ನೌಕರರಿಗೆ 730 ದಿನಗಳ ಶಿಶುಪಾಲನಾ ರಜೆ ಕೊಟ್ಟಿತ್ತು. ಕರ್ನಾಟಕ ಸರ್ಕಾರ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯನ್ನು ತನ್ನ ಮಹಿಳಾ ನೌಕರರಿಗೆ ಒದಗಿಸಿತು. ಮಕ್ಕಳಿಗಾಗಿ ಸಂಶೋಧನೆಯಿಂದ ದೂರವಾದ ಮಹಿಳಾ ವಿಜ್ಞಾನಿಗಳನ್ನು ಮತ್ತೆ ಪ್ರಯೋಗಾಲಯಕ್ಕೆ ಕರೆತರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಆರಂಭಿಸಿದ ಯೋಜನೆಯೂ ಇದೇ ಶತಮಾನದ ಮೊದಲ ವರ್ಷಗಳದ್ದು.

ಬದುವಿನ ಜೋಲಿಗೆ ಸರ್ಕಾರ ಉತ್ತರ ಹುಡುಕಿದ್ದು ತಡವಾಗಿ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತ್ತು. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಈ ಕೂಲಿಕಾರರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಅಂಗನವಾಡಿ ಕೈಬಿಟ್ಟಿದ್ದ, ಮೂರು ವರ್ಷ ತುಂಬದ ಕೂಸುಗಳಿಗೆ ಇಲ್ಲಿ ಜಾಗ ಸಿಕ್ಕಿತು. ಕೂಸುಗಳನ್ನು ನೋಡಿಕೊಳ್ಳಲು ಅದೇ ಊರಿನ, ಉದ್ಯೋಗ ಚೀಟಿ ಇರುವ ಮನೆಗಳ ಹೆಂಗಸರಿಗೆ ತರಬೇತಿ ಕೊಡಲಾಯಿತು, ಅವರ ಕೆಲಸವನ್ನು ಉದ್ಯೋಗ ಖಾತರಿಯ ಕೆಲಸವೆಂದೇ ಲೆಕ್ಕ ಹಿಡಿದು ಕೂಲಿ ನಿಗದಿಯಾಯಿತು. ಕೂಸು ನೋಡುವುದು ಮಣ್ಣು ಅಗೆದಷ್ಟೇ ದುಡಿಮೆ ಎಂದು ಹಾಜರಾತಿ ಪಟ್ಟಿಯಲ್ಲಿ ದಾಖಲಾದದ್ದು ಈ ಯೋಜನೆಯ ಬೆಲೆಯುಳ್ಳ ಅಂಶ.

ತಂದೆಯರ ಪಾಲಿನ ಚರಿತ್ರೆ ಚಿಕ್ಕದು. ಕೇಂದ್ರ ಸರ್ಕಾರಿ ನೌಕರರಿಗೆ ಐದನೆಯ ವೇತನ ಆಯೋಗದ ನಂತರ 15 ದಿನಗಳ ಪಿತೃತ್ವ ರಜೆ ಸಿಕ್ಕಿತು, ಕರ್ನಾಟಕ ಸರ್ಕಾರಿ ನೌಕರರಿಗೂ ಅಷ್ಟೇ ದಿನಗಳು. 1961ರ ಕಾಯ್ದೆಯಲ್ಲಾಗಲಿ ಅದರ 2017ರ ತಿದ್ದುಪಡಿಯಲ್ಲಾಗಲಿ ತಂದೆಗೆ ಒಂದು ದಿನದ ರಜೆಯೂ ಇರಲಿಲ್ಲ. ಖಾಸಗಿ ಕಂಪನಿಗಳಲ್ಲಿ ಅದು ಕಂಪನಿಯ ಇಚ್ಛೆಗೆ ಬಿಟ್ಟದ್ದು. ಗಾರ್ಮೆಂಟ್ ಕಾರ್ಖಾನೆಯ ಹೆಲ್ಪರ್‌ಗೆ, ಕಾಫಿ ತೋಟದ ಆಳಿಗೆ, ಕಟ್ಟಡದ ಗಾರೆ ಕೆಲಸದವನಿಗೆ ಮಗು ಹುಟ್ಟಿದ ಮರುದಿನವೂ ಹಾಜರಿ ಬೀಳದಿದ್ದರೆ ಕೂಲಿ ಇಲ್ಲ.